ಇಂಗ್ಲಿಷಿನಲ್ಲಿ ತೀರಿಕೊಂಡ ಅತ್ತೆ

ಇಂಗ್ಲಿಷಿನಲ್ಲಿ ಇಬೊಯಾಳ ಗಂಡ ಡಾಕ್ಟರು. ಮನೆ ಸಮುದ್ರದ ಹತ್ತಿರ, ಮುಂದೆ ದೊಡ್ಡ ತೋಟ. ಮಕ್ಕಳು ಇಬ್ಬರು, ಒಂದು ಗಂಡು ಒಂದು ಹೆಣ್ಣು, ಇಬ್ಬರಿಗೂ ಈಜೆಂದರೆ ಪ್ರಾಣ. ಭಾನುವಾರ ಎಲ್ಲರೂ ಕೂಡಿ ವಸ್ತುಸಂಗ್ರಹಾಲಯಕ್ಕೆ ಹೋಗುತ್ತಾರೆ.

ಹಂಗೇರಿಯನ್ನಿನಲ್ಲಿ ಮಾತ್ರ ಅವಳ ಸಂಸಾರವೇ ಬೇರೆ. ಗಂಡ ದೆಜೋ ತಗಡಿನ ಕೆಲಸದವನು. ನಮ್ಮ ಚೋಂಗ್ರಾದಿನ ಅರ್ಧ ಊರಿನ ಸೂರುಗಳಿಗೆ ಮಳೆನೀರು ಇಳಿಯುವ ತಗಡಿನ ದೋಣಿ ಕೂರಿಸಿದವನು ಅವನೇ. ಮಗಳು ಒಬ್ಬಳೇ, ಅವಳಿಗೆ ನೀರು ಕಂಡರೆ ಆಗದು. ಭಾನುವಾರ ಅವರು ಹೋಗುವುದು ತಿಸಾ ನದಿಯ ದಂಡೆಗೆ, ಮೀನಿನ ಸಾರು ಕುದಿಸಿಕೊಂಡು ಬಿಸಿಬಿಸಿ ಉಣ್ಣುವುದಕ್ಕೆ. ಇನ್ನು ಸಮುದ್ರದ ಮಾತು ಕೇಳಲೇಬೇಡಿ, ನಮ್ಮ ಇಡೀ ದೇಶಕ್ಕೇ ಅದು ಇಲ್ಲ.

ಸುಳ್ಳು ಹೇಳುವುದು ಇಬೊಯಾಳ ಗುಣವಲ್ಲ. ಅದನ್ನು ಕಲಿಸಿದ್ದು ವೆಂಡೆಲ್ ಮೇಷ್ಟ್ರು. ಮೇಷ್ಟ್ರು ಅರ್ಧ ಆಯುಷ್ಯ ರಷ್ಯನ್ ಕಲಿಸಿದವರು. ರಷ್ಯನ್ ಸೈನಿಕರು ನಮ್ಮ ದೇಶದಿಂದ ಗಂಟುಮೂಟೆ ಕಟ್ಟಿಕೊಂಡು ಹೊರಟ ವರ್ಷ, ಮುಂದಿನ ಸಾಲಿನಿಂದ ಇಂಗ್ಲಿಷ್ ಹೇಳಿಕೊಡಿ ಎಂದು ಶಾಲೆಯವರು ಅಪ್ಪಣೆ ಮಾಡಿದರು. ಮೇಷ್ಟ್ರು ತಾವೇ ಪುಸ್ತಕ ಹಿಡಿದು ಕೂತರು. "ಮಕ್ಕಳಿಗಿಂತ ಒಂದೇ ಒಂದು ಪಾಠ ಮುಂದೆ ಇದ್ದೆ. ಅಷ್ಟು ಸಾಕಾಗಿತ್ತು" ಎಂದು ಅವರೇ ಹೇಳಿಕೊಂಡು ನಗುತ್ತಾರೆ.

"ನೋಡಮ್ಮ ಇಬಿ," ಎಂದು ಅವರು, ಇಂಗ್ಲಿಷ್ ಪರೀಕ್ಷೆಗೆ ಅವಳಿಗೆ ಮನೆಪಾಠ ಶುರು ಮಾಡಿದ ಮೊದಲನೇ ದಿನವೇ ಹೇಳಿದ್ದರು. "ಪರೀಕ್ಷೆ ಅಂದ್ರೆ ಪಾದ್ರಿ ಮುಂದೆ ಪಾಪ ಒಪ್ಪಿಕೊಳ್ಳೋದಲ್ಲ. ಅಲ್ಲಿ ನಿಜ ಯಾರಿಗೂ ಬೇಕಾಗಿಲ್ಲ. ನಿಂಗೆ ಯಾವ ಪದ ಬರುತ್ತೋ ಆ ಸಂಸಾರ ಮಾಡು. ತಗಡಿನ ಕೆಲಸದೋನು ಅನ್ನೋಕೆ ಪದ ಹುಡುಕ್ತಾ ಕೂತ್ಕೊಂಡ್ರೆ ಹೊತ್ತು ಹೋಗುತ್ತೆ. ಡಾಕ್ಟರು ಅನ್ನು, ಮುಗೀತು."

ಪರೀಕ್ಷೆಯ ಗಂಟು ಏನೆಂದರೆ, ಇಬೊಯಾಗೆ ಶಿಶುವಿಹಾರದ ಶಿಕ್ಷಕಿಯಾಗಬೇಕಿತ್ತು. ಚಿಕ್ಕಂದಿನಿಂದಲೂ ಅದೊಂದೇ ಆಸೆ. ತರಬೇತಿ ಕಾಲೇಜಿನಲ್ಲಿ ಮಕ್ಕಳ ಮನಶ್ಶಾಸ್ತ್ರ, ಹಾಡು, ಬೊಂಬೆಯಾಟ ಎಲ್ಲದರಲ್ಲೂ ಪಾಸಾದಳು. ಆದರೆ ನಮ್ಮಲ್ಲಿ ಎಷ್ಟು ಓದಿದರೂ ಒಂದು ಪರಭಾಷೆಯ ಪರೀಕ್ಷೆ ಗೆಲ್ಲದಿದ್ದರೆ ಪದವಿಪತ್ರ ಕಾಲೇಜಿನ ಬೀರುವಿನಲ್ಲೇ ಕೊಳೆಯುತ್ತದೆ. ಹೀಗೆ ಬೀರುವಿನಲ್ಲಿ ಪದವಿ ಬಿಟ್ಟು ಬಂದವರು ಬೀದಿಗೊಬ್ಬರು ಸಿಗುತ್ತಾರೆ. ಇಬೊಯಾ ನಮ್ಮೂರ ಶಿಶುವಿಹಾರಕ್ಕೆ ಆಯಾ ಆಗಿ ಸೇರಿದಳು. ಟೀಚರು ಕತೆ ಹೇಳುವಾಗ ಇವಳು ಮೂಗು ಒರೆಸಿದಳು, ಟೀಚರು ಹಾಡು ಕಲಿಸುವಾಗ ಇವಳು ಮಲಗುವ ಹಾಸಿಗೆ ಬಿಡಿಸಿದಳು. ಮುಂದಿನ ವರ್ಷ ಪರೀಕ್ಷೆ ಪಾಸು ಮಾಡಿದರೆ ಆಯಿತು ಅಂದುಕೊಂಡಳು. ಮುಂದಿನ ವರ್ಷಗಳು ಬಂದವು, ಹೋದವು, ಮಗಳು ಅವಳೆತ್ತರ ಬೆಳೆದಳು.

ಬರವಣಿಗೆಯ ಪರೀಕ್ಷೆ ಅವಳಿಗೆ ನೀರು ಕುಡಿದಷ್ಟು ಸಲೀಸು. ವ್ಯಾಕರಣ ಬಾಯಿಪಾಠ, ಕಾಲಗಳೆಲ್ಲ ಬೆರಳ ತುದಿಯಲ್ಲಿ, ಹಕ್ಕಿಯ ಗಾದೆ, ಕಲ್ಲಿನ ಗಾದೆ, ಹಾಲು ಚೆಲ್ಲಿದ ಗಾದೆ ಎಲ್ಲ ಸಾಲಾಗಿ ನಿಂತಿದ್ದವು. ಸೋಲುತ್ತಿದ್ದದ್ದು ಬಾಯಿಮಾತಿನ ಪರೀಕ್ಷೆಯಲ್ಲಿ. ಮನೆಯಲ್ಲಿ ಗಿಳಿಯ ಹಾಗೆ ಒಪ್ಪಿಸುವವಳು, ಸೆಗೆದ್ ಪಟ್ಟಣದ ಪರೀಕ್ಷೆಯ ಕೋಣೆಯಲ್ಲಿ ಯಾರಾದರೂ ಒಂದು ಪ್ರಶ್ನೆ ಹೆಚ್ಚು ಕೇಳಿದರೆ ಸಾಕು, ಬಾಯಿಗೆ ಬೀಗ ಬೀಳುತ್ತಿತ್ತು.

ಅಭ್ಯಾಸ ನಡೆಯುತ್ತಿದ್ದದ್ದು ಅಡುಗೆಮನೆಯಲ್ಲಿ. ಸಂಜೆ ಒಲೆಯ ಮೇಲೆ ಏನಾದರೂ ಬೇಯುತ್ತಿರುವಾಗ ಇಬೊಯಾ ಸೌಟು ಹಿಡಿದು ಶುರು ಮಾಡುತ್ತಿದ್ದಳು. "ನನ್ನ ಪತಿಯು ವೈದ್ಯನಾಗಿದ್ದಾನೆ. ಅವನು ದಯಾಳುವಾಗಿದ್ದಾನೆ. ನಾವು ಸಮುದ್ರದ ಸಮೀಪದಲ್ಲಿ ವಾಸಿಸುತ್ತೇವೆ." ಎದುರಿಗೆ ಮಣೆಯಷ್ಟು ಗಿಡ್ಡ ಕುರ್ಚಿಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದವರು ಅತ್ತೆ ರೊಜಾಲ್. ಅತ್ತೆಗೆ ಇಂಗ್ಲಿಷಿನ ಒಂದಕ್ಷರವೂ ತಿಳಿಯದು. ಆದರೆ ಇಷ್ಟು ವರ್ಷ ಕೇಳಿ ಕೇಳಿ ಅದರ ರಾಗ ಕಿವಿಯಲ್ಲಿ ಕೂತುಬಿಟ್ಟಿತ್ತು.

"ನಿಲ್ಲು. ಅಲ್ಲೊಂದು ತುಂಡು ನುಂಗ್ದೆ" ಎನ್ನುತ್ತಿದ್ದರು ಅತ್ತೆ, ಚಾಕು ಎತ್ತಿ.

ಇಬೊಯಾ ಪುಸ್ತಕ ನೋಡಿದರೆ, ನುಂಗಿರುವುದು ನಿಜವಾಗಿರುತ್ತಿತ್ತು.

"ಅದಕ್ಕೇ ನೀನು ಫೇಲಾಗೋದು. ಮತ್ತೆ ಮೊದಲಿಂದ ಹೇಳು. ಹಾಗೇ ಸಾರಿಗೆ ಉಪ್ಪು ಹಾಕು, ಇವತ್ತೂ ಮರ್ತಿದ್ದೀಯ."

ಅತ್ತೆಗೆ ತಿಳಿಯದ ಸಂಗತಿ ಒಂದಿತ್ತು. ಒಂದು ವರ್ಷ ಪರೀಕ್ಷಕರು, ನಿಮ್ಮ ಯಜಮಾನರು ಯಾವ ಕಾಯಿಲೆಯ ಡಾಕ್ಟರು ಎಂದು ಕೇಳಿ ಇಬೊಯಾಳನ್ನು ಮಣ್ಣು ಮುಕ್ಕಿಸಿದ್ದರು. ಇನ್ನೊಂದು ವರ್ಷ, ಅವಳು ಆ ಸಂಸಾರಕ್ಕೆ ಸೇರಿಸಿದ್ದ ಇಲ್ಲದ ನಾಯಿಯ ಜಾತಿ ಕೇಳಿದರು. ಮೇಷ್ಟ್ರು ತಲೆ ಕೆರೆದುಕೊಂಡು, "ಜನ ಜಾಸ್ತಿ ಆದಷ್ಟೂ ಪ್ರಶ್ನೆ ಜಾಸ್ತಿ. ಸಂಸಾರ ಚಿಕ್ಕದು ಮಾಡು. ಸತ್ತೋರ ಬಗ್ಗೆ ಯಾರೂ ಏನೂ ಕೇಳಲ್ಲ" ಎಂದರು. ನಾಯಿಯನ್ನು ಆಗಲೇ ಕೈಬಿಟ್ಟಾಗಿತ್ತು. ಮಕ್ಕಳನ್ನು ಸಾಯಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಡಾಕ್ಟರು ಬೇಕೇ ಬೇಕು. ಹೀಗಾಗಿ ಸರದಿ ಅತ್ತೆಯದಾಯಿತು. "ನನ್ನ ಅತ್ತೆಯವರು ತೀರಿಕೊಂಡಿದ್ದಾರೆ" ಎಂಬ ವಾಕ್ಯವನ್ನು ಇಬೊಯಾ ಆ ಅತ್ತೆಯ ಎದುರಿಗೇ, ಅವರು ಸುಲಿದ ಆಲೂಗಡ್ಡೆಯನ್ನೇ ಹೆಚ್ಚುತ್ತಾ, ಸಂಜೆ ಸಂಜೆ ಅಭ್ಯಾಸ ಮಾಡಿದಳು. ಅತ್ತೆ ರಾಗಕ್ಕೆ ತಲೆದೂಗಿದರು. ಪರೀಕ್ಷೆಯ ದಿನ ಪರೀಕ್ಷಕಿ ಅಯ್ಯೋ ಪಾಪ ಅಂದು, ಏನಾಗಿತ್ತು ಅವರಿಗೆ ಎಂದು ಕೇಳಿದಳು. ಇಬೊಯಾ ಮತ್ತೆ ಫೇಲಾದಳು.

ಆಮೇಲೆ ಆ ವೈರಸ್ ಕಾಯಿಲೆಯ ವಸಂತ ಬಂತು. ಶಾಲೆ, ಅಂಗಡಿ, ಚರ್ಚು ಎಲ್ಲ ಮುಚ್ಚಿದವು. ಪರೀಕ್ಷೆ ನಡೆಸುವುದು ಕಷ್ಟವಾಗಿ, ಓದು ಮುಗಿಸಿ ಭಾಷೆಯ ಪರೀಕ್ಷೆಗೆ ಕಾದಿರುವವರಿಗೆಲ್ಲ ಈ ಸಲ ಹಾಗೆಯೇ ಪದವಿ ಕೊಟ್ಟುಬಿಡಿ ಎಂದು ಸರ್ಕಾರ ಹೇಳಿತು. ಬೀರುಗಳ ಬಾಗಿಲು ತೆರೆದವು. ಇಬೊಯಾಳ ಪದವಿಯೂ ಮನೆಗೆ ಬಂತು. ಶಿಶುವಿಹಾರದ ಮುಖ್ಯಸ್ಥೆ ಎತೆಲ್ಕಾ ಫೋನು ಮಾಡಿ, "ಸೆಪ್ಟೆಂಬರಿಂದ ಬಸವನಹುಳು ತರಗತಿಗೆ ನೀನೇ ಟೀಚರು, ಇಬಿ. ಆಯಾ ಕೆಲಸಕ್ಕೆ ಬೇರೆಯವ್ರನ್ನ ನೋಡ್ತೀನಿ" ಎಂದಾಗ ಇಬೊಯಾ ಹಿಟ್ಟು ಮೆತ್ತಿದ ಕೈಯಲ್ಲೇ ದೆಜೋನನ್ನು ಹಿಡಿದು ಅಡುಗೆಮನೆಯಲ್ಲಿ ಕುಣಿದಳು. ಒಂದು ತಟ್ಟೆ ಪೊಗಾಚಾ, ಅಂದರೆ ಚೀಸಿನ ಪುಟ್ಟ ಬನ್ನು, ಬೇಯಿಸಿ ಬೀದಿಗೆಲ್ಲ ಹಂಚಿದಳು.

ಎದುರುಮನೆಯ ತೆರುಶ್ಕಾ ಎರಡು ಪೊಗಾಚಾ ತಿಂದು, ಮೂರನೆಯದು ಕೈಯಲ್ಲಿ ಹಿಡಿದೇ ಹೇಳಿದಳು. "ಬಿಡವ್ವ, ಜನಕ್ಕೆ ವೈರಸ್ಸಿಂದ ಕೆಮ್ಮು ಬಂತು, ನಿಂಗೆ ಪದವಿ ಬಂತು. ಇನ್ಮೇಲೆ ನಿನ್ನ ವೈರಸ್ ಟೀಚರ್ ಅನ್ಬೇಕು ನಾವು."

ಬೀದಿ ನಕ್ಕಿತು, ಇಬೊಯಾಳೂ ನಕ್ಕಳು. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಪದವಿಯನ್ನು ಗೋಡೆಗೆ ಹಾಕಲು ದೆಜೋ ಮೊಳೆ ತಂದರೆ, ಇರಲಿ ಆಮೇಲೆ ಎಂದಳು. ಅದು ತಾನು ಗೆದ್ದು ತಂದದ್ದಲ್ಲ, ಕರುಣೆ ತೋರಿ ಬಿಟ್ಟುಕೊಟ್ಟದ್ದು ಎಂದು ಅವಳಿಗೆ ಅನ್ನಿಸತೊಡಗಿತ್ತು. ಮುಂದೂಡಿದ ಬಾಯಿಪರೀಕ್ಷೆ ಜುಲೈನಲ್ಲಿ ನಡೆಯುವುದಿತ್ತು, ಅವಳ ಹೆಸರು ಇನ್ನೂ ಅಲ್ಲಿತ್ತು. ಸೆಪ್ಟೆಂಬರಿನಲ್ಲಿ ಮಕ್ಕಳ ಮುಂದೆ ನಿಲ್ಲುವುದರೊಳಗೆ ಅದನ್ನು ಗೆಲ್ಲಬೇಕು ಎಂದು ನಿರ್ಧರಿಸಿಬಿಟ್ಟಳು.

"ತಲೆ ಕೆಟ್ಟಿದೆಯಾ ನಿಂಗೆ?" ಎಂದ ದೆಜೋ ಊಟದ ಮೇಜಿನಲ್ಲಿ. "ಹಲ್ಲು ತಾನಾಗೇ ಉದುರಿದೆ, ಆದ್ರೂ ಕೀಳಿಸ್ಕೊಳ್ಳೋಕೆ ಹೋಗ್ತೀನಿ ಅಂತೀಯಲ್ಲ."

"ಹೋಗ್ಲಿ ಬಿಡೋ, ಅವಳು ಸರಿಯಾಗೇ ಹೇಳ್ತಿದ್ದಾಳೆ" ಎಂದರು ಅತ್ತೆ. "ಇಷ್ಟು ವರ್ಷ ನನ್ನ ಕಿವಿ ಸವೆದಿದ್ದು ಪುಗಸಟ್ಟೆನಾ? ಹೋಗು ಇಬಿ. ಆದ್ರೆ ಹೋಗೋ ಮೊದಲು ನಂಗೊಂದು ಹೇಳು. ದಿನಾ ಒದರ್ತೀಯಲ್ಲ, ಅದರ ಅರ್ಥ ಏನು?"

ಇಬೊಯಾ ಚಮಚ ಕೆಳಗಿಟ್ಟಳು. ಒಂದೊಂದೇ ವಾಕ್ಯ ಬಿಡಿಸಿ ಹೇಳತೊಡಗಿದಳು. ತಾನು ಡಾಕ್ಟರೆಂದು ತಿಳಿದಾಗ ದೆಜೋ ಅಗಿಯುವುದನ್ನು ನಿಲ್ಲಿಸಿದ. ಸಮುದ್ರ ಬಂದಾಗ ಅತ್ತೆ, "ಪರವಾಗಿಲ್ವೇ" ಎಂದರು. ಅವರ ಸರದಿ ಬಂದಾಗ ಇಬೊಯಾ ತಟ್ಟೆ ನೋಡುತ್ತಾ ಹೇಳಿದಳು.

"ನನ್ನತ್ತೆ... ತೀರಿಕೊಂಡಿದ್ದಾರೆ."

ದೆಜೋ ನೀರು ಕುಡಿಯಲು ಹೋಗಿ ಕೆಮ್ಮಿದ. ಅತ್ತೆ ತಮ್ಮ ಚಮಚವನ್ನೂ ಕೆಳಗಿಟ್ಟರು.

"ಯಾವಾಗಿಂದ?"

"ಬಾತುಕೋಳಿ ಗೂಡು ರಿಪೇರಿ ಮಾಡಿಸಿದ್ವಲ್ಲ, ಆ ವರ್ಷದಿಂದ."

"ಏನಾಗಿತ್ತಂತೆ ನಂಗೆ?"

"ಅದೇ ಗೊತ್ತಿರ್ಲಿಲ್ಲ ಅತ್ತೆ. ಅದಕ್ಕೇ ಫೇಲಾದೆ."

"ನನ್ನ ಸಾಯಿಸಿದ್ದೂ ಅಲ್ದೆ ಕಾರಣಾನೂ ಇಟ್ಕೊಂಡಿರ್ಲಿಲ್ಲ ನೀನು" ಎಂದು ಅತ್ತೆ ಎದ್ದರು. ಬಾಗಿಲ ಹತ್ತಿರ ತಿರುಗಿ ನಿಂತು, "ಹೋಗಿ ನನ್ನ ಬದುಕಿಸ್ಕೊಂಡು ಬಾ. ನಿಜ ಹೇಳಿ ಪಾಸಾಗು, ಇಲ್ಲಾಂದ್ರೆ ಆ ಸಮುದ್ರದ ಮನೇಲೇ ಇದ್ಬಿಡು" ಎಂದರು.

ಮೇಷ್ಟ್ರು ಸುದ್ದಿ ಕೇಳಿ ಕೈ ಚೆಲ್ಲಿದರು. "ನಿಜ ಹೇಳೋದು ಮುಂದಿನ ದರ್ಜೆ ಪಾಠ ಕಣಮ್ಮ. ಅದು ನಂಗೂ ಬರಲ್ಲ" ಎಂದರು. ಆದರೂ ನಿಘಂಟು ತೆಗೆದು ಕೂತರು. ತಗಡು, ಏಣಿ, ಮಂಡಿನೋವು, ಬಾತುಕೋಳಿ ಎಂಬ ಪದಗಳನ್ನು ಇಬ್ಬರೂ ಒಟ್ಟಿಗೆ ಮೊದಲ ಸಲ ಕಲಿತರು. ಕೊನೆಯಲ್ಲಿ ಒಂದು ಗಾದೆ ಸೇರಿಸುವುದನ್ನು ಮರೆಯಬೇಡ, ಪರೀಕ್ಷಕರಿಗೆ ಅದು ಸಿಹಿ ತಿಂದ ಹಾಗೆ ಎಂದು ಮೇಷ್ಟ್ರು ಎಚ್ಚರಿಸಿದರು. ಅಡುಗೆಮನೆಯಲ್ಲಿ ಮಾತ್ರ ಗದ್ದಲವಾಯಿತು. ಹೊಸ ಮಾತಿಗೆ ರಾಗವೇ ಇರಲಿಲ್ಲ, ಒಂದೊಂದು ಸಂಜೆ ಒಂದೊಂದು ತರಹ ಬರುತ್ತಿತ್ತು. ಅತ್ತೆ ತಿದ್ದಲಾರದೆ ಚಡಪಡಿಸಿದರು.

ಸೆಗೆದಿನ ಕೋಣೆಯಲ್ಲಿ ನಡುವೆ ಪ್ಲಾಸ್ಟಿಕ್ಕಿನ ಪರದೆ ಇತ್ತು. ಆಚೆ ಮುಖಗವಸು ಹಾಕಿದ ಒಬ್ಬ ಹೆಂಗಸು, ಪಕ್ಕದಲ್ಲಿ ಒಬ್ಬ ಎಳೆಯ ಪರೀಕ್ಷಕ. ಕಣ್ಣುಗಳಷ್ಟೇ ಕಾಣುತ್ತಿದ್ದವು.

"ನಿಮ್ಮ ಕುಟುಂಬದ ಬಗ್ಗೆ ಹೇಳಿ" ಎಂದಳು ಹೆಂಗಸು, ಇಂಗ್ಲಿಷಿನಲ್ಲಿ.

ನಾಲಿಗೆಯ ತುದಿಗೆ ಬಂದದ್ದು ಡಾಕ್ಟರೇ. ಇಬೊಯಾ ಅವನನ್ನು ನುಂಗಿಕೊಂಡಳು. "ನನ್ನ ಪತಿ ತಗಡಿನ ಕೆಲಸ ಮಾಡುತ್ತಾನೆ. ಅವನು ಮಳೆಯನ್ನು..." ಕಲಿತ ಪದ ಕೈಕೊಟ್ಟಿತು. "ಅವನು ಮಳೆಯನ್ನು ಮೇಲಿನಿಂದ ಕೆಳಗೆ ಕರೆದುಕೊಂಡು ಬರುತ್ತಾನೆ. ಏಣಿಯ ಮೇಲೆ ಹಾಡುತ್ತಾನೆ. ಹಾಡು ಚೆನ್ನಾಗಿಲ್ಲ. ನನ್ನ ಅತ್ತೆಯವರು ಜೀವಂತವಾಗಿದ್ದಾರೆ."

"ಸಂತೋಷ" ಎಂದಳು ಹೆಂಗಸು. "ಅವರು ಎಂಥವರು?"

ಇದೇ ಆ ಹೆಚ್ಚಿನ ಪ್ರಶ್ನೆ. ಇಷ್ಟು ವರ್ಷ ಬೀಗ ಬೀಳುತ್ತಿದ್ದ ಜಾಗ. ಇಬೊಯಾ ಕಣ್ಣು ಮುಚ್ಚಿ ತೆರೆದಳು. ಬಾಯಿಪಾಠ ನೆನಪು ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ, ಅತ್ತೆ ಕಣ್ಣಿಗೆ ಕಟ್ಟಿದ ಹಾಗೆ ಕೂತಿದ್ದರು.

"ಅವರು ಕಷ್ಟ" ಎಂದಳು. "ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಹೇಳುತ್ತಾರೆ. ಪ್ರತಿದಿನ ಹೇಳುತ್ತಾರೆ. ಅವರ ಮಂಡಿ ನೋಯುತ್ತದೆ. ಅವರು ಆಲೂಗಡ್ಡೆ ಸುಲಿಯುತ್ತಾರೆ, ನಾನು ಇಂಗ್ಲಿಷ್ ಮಾತನಾಡುತ್ತೇನೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ತುಂಬಾ ವರ್ಷ. ಅವರು ಎದ್ದು ಹೋಗಲಿಲ್ಲ." ಪದ ಹುಡುಕಿ ಮತ್ತೆ ಹೇಳಿದಳು. "ಒಂದು ಸಂಜೆಯೂ ಅವರು ಎದ್ದು ಹೋಗಲಿಲ್ಲ."

ತನ್ನ ಭಾಷೆಯಲ್ಲಿ ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೆ ತಾನೇ ಕೂಡ ಹೇಳಿಕೊಂಡಿರಲಿಲ್ಲ. ಇಷ್ಟು ಒರಟಾದ, ಬಡಕಲು ಇಂಗ್ಲಿಷಿನಲ್ಲಿ ಅದು ಹೊರಗೆ ಬಂದದ್ದು ಅವಳಿಗೇ ಸೋಜಿಗವಾಯಿತು. ಎಳೆಯ ಪರೀಕ್ಷಕ ಬರೆಯುವುದನ್ನು ಬಿಟ್ಟು ತಲೆ ಎತ್ತಿದ.

ಆಮೇಲೆ ಕೆಲಸದ ಮಾತು ಬಂತು. ಓದು ಬಾರದ ಮಕ್ಕಳಿಗೆ ಹೆಸರಿನ ಬದಲು ಒಂದೊಂದು ಚಿತ್ರ ಕೊಡುವುದನ್ನೂ, ಟವೆಲಿನಿಂದ ದಿಂಬಿನವರೆಗೆ ಆ ಚಿತ್ರಗಳನ್ನು ತಾನು ಹೊಲಿಯುವುದನ್ನೂ ಇಬೊಯಾ ಹೇಳಿದಳು. "ನನ್ನದು ಗಿಡಕ್ಕೆ ನೀರು ಹಾಕುವ ಡಬ್ಬಿಯಾಗಿತ್ತು" ಎಂದುಬಿಟ್ಟ ಎಳೆಯ ಪರೀಕ್ಷಕ, ಇಂಗ್ಲಿಷಿನಲ್ಲೇ. "ನನ್ನ ಗೆಳೆಯನಿಗೆ ರೈಲು ಸಿಕ್ಕಿತ್ತು."

"ರೈಲು ಯಾವಾಗಲೂ ಅಳುವ ಮಗುವಿಗೆ ಸಿಗುತ್ತದೆ" ಎಂದಳು ಇಬೊಯಾ, ಯೋಚಿಸದೆ. "ನೀವು ಅಳಲಿಲ್ಲ. ಅದು ನಿಮ್ಮ ತಪ್ಪು."

ಗವಸಿನ ಹಿಂದೆ ಆ ಹೆಂಗಸು ನಕ್ಕದ್ದು ಕಣ್ಣಿನಲ್ಲಿ ಗೊತ್ತಾಯಿತು. ಬಸ್ಸು ಹತ್ತಿದ ಮೇಲಷ್ಟೇ ಇಬೊಯಾಗೆ ಮೇಷ್ಟ್ರ ಎಚ್ಚರಿಕೆ ನೆನಪಾಯಿತು. ಒಂದೇ ಒಂದು ಗಾದೆಯನ್ನೂ ಅವಳು ಹೇಳಿರಲಿಲ್ಲ, ಕಾಲಗಳನ್ನೆಲ್ಲ ಕಲಸುಮೇಲೋಗರ ಮಾಡಿದ್ದಳು. ಈ ಸಲವೂ ಹೋಯಿತು ಅಂದುಕೊಂಡೇ ಊರು ಸೇರಿದಳು.

ಫಲಿತಾಂಶ ಆಗಸ್ಟಿನಲ್ಲಿ ಬಂತು. ಮಗಳು ಫೋನಿನಲ್ಲಿ ನೋಡಿ ಅಮ್ಮನ ಕೈಗೆ ಕೊಟ್ಟಳು. ಅಂಕ ಪಾಸಿನ ಗೆರೆಯಿಂದ ಹೆಚ್ಚೇನೂ ಮೇಲಿರಲಿಲ್ಲ, ಆದರೆ ಮೇಲಿತ್ತು. ಇಬೊಯಾ ಅಲ್ಲೇ ಒಲೆಯ ಪಕ್ಕ ಕುಸಿದು ಕೂತು, ನಗುತ್ತಾ ಅತ್ತಳು. ದೆಜೋ ಮೊಳೆ ಹುಡುಕಲು ಓಡಿದ.

"ಪಾಸಾ?" ಎಂದರು ಅತ್ತೆ.

"ಪಾಸು ಅತ್ತೆ. ನಿಮ್ಮ ಬಗ್ಗೆ ಕೇಳಿದ್ರು. ಎಲ್ಲಾ ಹೇಳ್ದೆ."

"ಏನು ಹೇಳ್ದೆ?"

ಇಬೊಯಾ ಹೇಳಿದಳು. ಉಪ್ಪು, ಮಂಡಿ, ಆಲೂಗಡ್ಡೆ, ಕೊನೆಗೆ ಎದ್ದು ಹೋಗದ ಸಂಜೆಗಳು. ಅತ್ತೆ ಅಡುಗೆಗೆ ಕಟ್ಟಿದ್ದ ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು, ಚರ್ಚಿಗೆ ಕಟ್ಟುವ ಒಳ್ಳೆಯ ತಲೆವಸ್ತ್ರ ಕಟ್ಟಿಕೊಂಡರು, ಮಂಡಿ ಹಿಡಿದುಕೊಂಡು ಅಂಗಳ ದಾಟಿದರು. ಇಬೊಯಾ ಕಿಟಕಿಯ ಹತ್ತಿರ ಬಂದು ನಿಂತಳು. ಎದುರುಮನೆಯ ಗೇಟಿನ ಬಳಿ ಅತ್ತೆಯ ದನಿ ಇಡೀ ಬೀದಿಗೆ ಕೇಳುವ ಹಾಗೆ ಏರಿತು.

"ತೆರುಶ್ಕಾ, ಹೊರಗೆ ಬಾರೆ ಇಲ್ಲಿ. ನಮ್ಮ ಇಬಿ ಪಾಸಾದ್ಲು. ವೈರಸ್ಸೂ ಕೊಟ್ಟಿದ್ದಲ್ಲ, ಸರ್ಕಾರಾನೂ ಕೊಟ್ಟಿದ್ದಲ್ಲ. ನನ್ನ ಬಗ್ಗೆ ಮಾತಾಡಿ ಪಾಸಾದ್ಲು, ಅದೂ ಇಂಗ್ಲಿಷಲ್ಲಿ. ನಿನ್ನ ಸೊಸೆ ನಿನ್ನ ಬಗ್ಗೆ ಯಾವ ಭಾಷೇಲಾದ್ರೂ ಒಂದು ಒಳ್ಳೆ ಮಾತಾಡಿದ್ದುಂಟಾ, ಹೇಳು ನೋಡೋಣ."