ಮೂಸುವ ಮೆಕ್ಯಾನಿಕ್

ಕುಮಟೆಯ ಆ ಮೆಕ್ಯಾನಿಕ್, ಯಾವ ಎಂಜಿನ್ ಒಯ್ದರೂ ಟ್ಯಾಂಕಿನಲ್ಲಿದ್ದುದನ್ನು ನಾಲ್ಕು ಹನಿ ಅಂಗೈಗೆ ಸುರಿದುಕೊಳ್ಳುತ್ತಿದ್ದರು. "ಮೊದ್ಲು ಮೂಸುದು, ಆಮೇಲೆ ಬಿಚ್ಚುದು" ಎಂಬುದು ಅವರ ಮಾತು.

ಒಂದು ಬೆಳಿಗ್ಗೆ, ಹಗ್ಗ ಎಷ್ಟು ಎಳೆದರೂ ಸ್ಟಾರ್ಟ್ ಆಗದ ನನ್ನ ಹುಲ್ಲು ಕತ್ತರಿಸುವ ಮಷಿನ್ ಒಯ್ದೆ. ಅವರು ಮೂಸಿ, ಬೆರಳಲ್ಲಿ ತಿಕ್ಕಿ ನೋಡಿದರು.

"ಮನೇಲಿ ದೋಣಿ ಉಂಟಾ?"

ಅವರು ನಮ್ಮ ಮನೆಯನ್ನು ಕಂಡೇ ಇರಲಿಲ್ಲ.

"ತಮ್ಮಂದು ಉಂಟು. ಎಂತಕ್ಕೆ?"

"ಇದು ದೋಣಿ ಸೀಮೆಎಣ್ಣೆ, ಆಯಿಲ್ ಬೆರ್ಸಿದ್ದು. ನಿಮ್ಮ ಪೆಟ್ರೋಲ್ ಕ್ಯಾನೂ ತಮ್ಮನ ಕ್ಯಾನೂ ಅದಲುಬದಲಾಗಿದೆ. ನಿಮ್ಮ ಆಯಿಲ್ ಇಲ್ಲದ ಪೆಟ್ರೋಲು ದೋಣಿಗೆ ಹೋದ್ರೆ ನಡುಗಡಲಲ್ಲಿ ಎಂಜಿನ್ ಜಾಮ್ ಆಗ್ತದೆ. ಮೊದ್ಲು ಫೋನ್ ಮಾಡಿ!"

ಮಾಡಿದೆ. ತಮ್ಮ ಇನ್ನೂ ದಡದಲ್ಲಿದ್ದ, ಕ್ಯಾನಿನ ಮುಚ್ಚಳ ತಿರುಗಿಸುತ್ತಿದ್ದನಂತೆ.

ಅದನ್ನು ಸುರಿಯಬೇಡ ಎಂದು ಹೇಳಿ ಫೋನ್ ಇಟ್ಟೆ. ಅವರು ಅಂಗೈಯನ್ನು ಲುಂಗಿಗೆ ಒರೆಸಿಕೊಂಡು ಸ್ಕ್ರೂಡ್ರೈವರ್ ಎತ್ತಿಕೊಂಡರು.

"ಆತು, ಇನ್ನು ಬಿಚ್ಚುವ."