ಆಗದವರ ಮೊಂಬತ್ತಿ

ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಮೊದಲ ಸಲ ನಾನು ಒಳ್ಳೆಯವಳಾಗಿದ್ದೆ. ಎರಡನೆಯ ಸಲ ಆಕೆ ಕೆಟ್ಟವಳಾಗಿದ್ದಳು. ಮೂರನೆಯ ಸಲ ಇಬ್ಬರೂ ಅತ್ತೆವು. ಅತ್ತದ್ದು ಸುಳ್ಳು.

ಆಣೆ ಮಾಡಿ ಹೇಳಬಹುದಾದದ್ದು ಇಷ್ಟು: ಶಹಾಪುರದ ಒಂದು ಶಾಲೆಯಲ್ಲಿ ನಾವಿಬ್ಬರೂ ಶಿಕ್ಷಕಿಯರು. ಆಕೆ ನನಗಿಂತ ಚಿಕ್ಕವಳು. ಆಕೆ ಬಂದ ವರ್ಷವೇ ನನ್ನ ತರಗತಿಯ ಮಕ್ಕಳು ಕಿಟಕಿಯಿಂದ ಆಕೆಯ ತರಗತಿಯ ಕಡೆ ನೋಡತೊಡಗಿದರು. ಆಕೆ ಮನೆಮಾತಿನಲ್ಲೇ ಉತ್ತರ ಹೇಳಿಸುತ್ತಿದ್ದಳು. ನಾನು ಪುಸ್ತಕದ ಭಾಷೆಯಲ್ಲಿ ಬರೆಸುತ್ತಿದ್ದೆ. ಒಂದು ಸಭೆಯಲ್ಲಿ ಎಲ್ಲರೆದುರು, "ಅಕ್ಕಾರ ಕ್ಲಾಸಿನಾಗ ಹುಡುಗ್ರ ಕೈ ಕಲೀತಾವರಿ, ಬಾಯಿ ಕಲಿಯಂಗಿಲ್ಲ" ಎಂದಳು. ಎಲ್ಲರೂ ನಕ್ಕರು. ಹೆಡ್‌ಮಾಸ್ತರೂ ನಕ್ಕರೆಂದೇ ನನ್ನ ನೆನಪು. ಅವರು ಆ ದಿನ ರಜೆಯಲ್ಲಿದ್ದರೆಂದು ಆಮೇಲೆ ತಿಳಿಯಿತು. ಹೊಟ್ಟೆಕಿಚ್ಚು ಹಾಜರಿಲ್ಲದವರನ್ನೂ ನಗಿಸುತ್ತದೆ.

ಕಷ್ಟವೆಂದರೆ ಇಬ್ಬರೂ ಹೋಗುವುದು ಒಂದೇ ಬುದ್ಧ ವಿಹಾರಕ್ಕೆ. ನಮ್ಮ ಓಣಿಯ ಆ ವಿಹಾರದಲ್ಲಿ ಒಂದು ರೂಢಿಯಿದೆ. ರವಿವಾರ ಸಂಜೆ ವಂದನೆ ಮುಗಿದ ಮೇಲೆ ಪ್ರತಿಯೊಬ್ಬರೂ ಎರಡು ಮೇಣಬತ್ತಿ ಹಚ್ಚಬೇಕು, ಒಂದು ತಮ್ಮವರಿಗೆ, ಇನ್ನೊಂದು ತಮಗೆ ಆಗದವರಿಗೆ, ಅವರಿಗೂ ಒಳ್ಳೆಯದಾಗಲಿ ಎಂದು. ಯಾರಿಗೆಂದು ಬಾಯಿಬಿಡುವ ಹಾಗಿಲ್ಲ. ವಂದನೆ ಹೇಳಿಕೊಡುವ ಅಜ್ಜಿ, "ಆಗದವ್ರ ಮೊಂಬತ್ತಿ ಆರಿದ್ರ ಮತ್ತ ಹಚ್ರೆವಾ, ನೋಡಿ ನೋಡದಂಗ ಕುಂದರಬ್ಯಾಡ್ರಿ" ಎನ್ನುತ್ತಿದ್ದರು.

ಎರಡು ವರ್ಷ ನಾನು ಆಕೆಗೇ ಹಚ್ಚಿದೆ. ಆಕೆಗೆ ಒಳ್ಳೆಯದಾಗಲಿ, ಯಾದಗಿರಿಗೆ ವರ್ಗವಾಗಿ ಒಳ್ಳೆಯದಾಗಲಿ, ಎಂದು. ಮುಂದಿನ ಸಾಲಿನಲ್ಲಿ ಆಕೆಯೂ ಎರಡನೆಯದನ್ನು ಹಚ್ಚುತ್ತಿದ್ದಳು. ಅದು ನನಗೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಹಚ್ಚುವಾಗ ಆಕೆಯ ಮುಖ ಅಷ್ಟು ಶಾಂತವಾಗಿರುವುದನ್ನು ನೋಡಿ ಉರಿದುಹೋಗುತ್ತಿದ್ದೆ. ದ್ವೇಷ ಬಿಡುವುದರಲ್ಲೂ ಆಕೆಯೇ ಮುಂದೆ.

ಒಂದು ರವಿವಾರ ಹೊರಗೆ ಚಪ್ಪಲಿ ಹುಡುಕುವಾಗ ತಡೆಯಲಾಗದೆ ಕೇಳಿಬಿಟ್ಟೆ. "ನಿಮ್ಮ ಎರಡನೇ ಮೊಂಬತ್ತಿ ನನಗಲ್ರಿ?"

"ನಿಮಗ್ಯಾಕ್ರಿ ಅಕ್ಕಾ? ಸುರಪುರದಾಗ ನಮ್ಮ ಮೈದುನ ಇದ್ದಾನ. ಮಾತ ಬಿಟ್ಟು ನಾಕ ವರ್ಷಾತು. ಅವನಿಗಿ. ಖರೇ ಅಂದ್ರ ಅವನಿಗಿ ಒಂದ ಸಾಲಂಗಿಲ್ಲ, ಇಡೀ ಪಾಕೀಟ ಬೇಕು."

ನನಗೆ ಸಮಾಧಾನವಾಗಬೇಕಿತ್ತು. ಆದದ್ದು ಅವಮಾನ. ಎರಡು ವರ್ಷ ನಾನು ಆಕೆಯ ಮನಸ್ಸಿನಲ್ಲಿ ಇರಲೇ ಇಲ್ಲ. ಎಂದೂ ಕಾಣದ ಆ ಮೈದುನನ ಮೇಲೂ ಹೊಟ್ಟೆಕಿಚ್ಚಾಯಿತು.

"ನೀವ್ ಯಾರಿಗಿ ಹಚ್ತೀರಿ?" ಎಂದಳು.

ರೂಢಿಯನ್ನು ಮೊದಲು ಮುರಿದವಳು ನಾನೇ. ಸುಳ್ಳು ಹೇಳಬೇಕೆಂದರೆ ನನಗೂ ಒಬ್ಬ ನಾದಿನಿ ಇದ್ದಳು. ಆದರೆ ಬಾಯಿಗೆ ಬಂದದ್ದು, "ನಿಮಗರಿ."

ಆಕೆ ರಾಶಿಯೊಳಗಿಂದ ತನ್ನ ಚಪ್ಪಲಿ ಎಳೆದುಕೊಂಡಳು. "ಎಂದಿನಿಂದ ಹಚ್ಚಾಕತ್ತೀರಿ?"

"ಎರಡ ವರ್ಷಾತು."

"ಒಂದ ರವಿವಾರನೂ ಬಿಟ್ಟಿಲ್ಲೇನ್ರಿ?"

"ಇಲ್ಲ."

"ನಾ ಜ್ವರ ಬಂದು ಮಲಗಿದ್ನೆಲ್ಲಾ, ಆವಾಗ?"

"ಆವಾಗೂ."

ಆಕೆ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವಳು ಹಾಗೇ ನಿಂತಳು. "ನನ್ನ ಸಲುವಾಗಿ ನಮ್ಮವ್ವನೂ ಇಷ್ಟು ಮಾಡಿಲ್ರಿ ಅಕ್ಕಾ."

ಅಣಕವೇನೋ ಎಂದು ಮುಖ ನೋಡಿದೆ. ಅಣಕವಿರಲಿಲ್ಲ. ಈ ಒಂದನ್ನು ನಾಲ್ಕು ಸಲವೂ ಹೀಗೆಯೇ ಬರೆದಿದ್ದೇನೆ. ನನ್ನ ಹೊಟ್ಟೆಕಿಚ್ಚಿನಲ್ಲೂ ಒಳ್ಳೆಯ ಪಾಲು ಆಕೆಗೇ ಹೋಗಿತ್ತು. ನನ್ನ ಪಾಲಿಗೆ ಬರೀ ಉರಿ.

ಮುಂದಿನ ರವಿವಾರ ಆಕೆ ನನ್ನ ಪಕ್ಕಕ್ಕೇ ಬಂದು ಕುಳಿತಳು. ನಾನು ಎರಡನೆಯದನ್ನು ಹಚ್ಚುವಾಗ ನನ್ನ ಕೈಯನ್ನೇ ನೋಡುತ್ತಿದ್ದಳು, ಪಂಕ್ತಿಯಲ್ಲಿ ತನ್ನ ಎಲೆಗೆ ಬಡಿಸುವುದನ್ನು ಕಾಯುವವರ ಹಾಗೆ. ಅಷ್ಟು ಹತ್ತಿರ ಕುಳಿತು ಕಾಯುವವಳನ್ನು ಬೇರೆ ಊರಿಗೆ ಕಳಿಸುವುದು ಆಗಲಿಲ್ಲ. ಒಳ್ಳೆಯದಾಗಲಿ ಎಂದಷ್ಟೇ ಅಂದುಕೊಂಡೆ. ಹೊಟ್ಟೆ ಉರಿಯುತ್ತಲೇ ಇತ್ತು. ಮತ್ತೊಮ್ಮೆ ಅಂದುಕೊಂಡೆ.

"ಆತೇನ್ರಿ ಅಕ್ಕಾ?" ಎಂದು ಪಿಸುಗುಟ್ಟಿದಳು.

"ಇನ್ನೂ ಇಲ್ಲ," ಎಂದೆ. "ತಡೀರಿ ಸ್ವಲ್ಪ."