ಮದ್ದಿನ ಮನೆಯ ಮಣ್ಣು

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನನ್ನ ತಂಗಿ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಳು. ಜ್ವರ ಇಳಿಯುತ್ತಲೇ ಇರಲಿಲ್ಲ. ಚಾಮರಾಜಪೇಟೆಯ ಮನೆಯಿಂದ ಅಜ್ಜಿ, ಅಮ್ಮ, ನಾನು ಗಂಜಿ ಹಿಡಿದು ನಡೆದೇ ಹೋಗುತ್ತಿದ್ದೆವು. ದಾರಿಯಲ್ಲಿ, ಮಾರ್ಕೆಟ್ಟಿನ ಕೊಳೆತ ಸೊಪ್ಪಿನ ರಾಶಿಯ ಹಿಂದೆ, ಕಿಟಕಿಯೇ ಇಲ್ಲದ ದಪ್ಪ ಗೋಡೆಯ ಕಟ್ಟಡವೊಂದಿತ್ತು. ರಾಜರ ಕಾಲದ್ದು. ಬೋರ್ಡಿರಲಿಲ್ಲ. ಸುತ್ತಲಿನ ಅಂಗಡಿಯವರು ಅದನ್ನು ಮದ್ದಿನ ಮನೆ ಅನ್ನುತ್ತಿದ್ದರು.

ಮದ್ದು ಅಂದರೆ ಅಜ್ಜಿಗೆ ಔಷಧಿ, ಅಷ್ಟೇ. ಹಿಂದೆ ಅಲ್ಲಿ ಬೇರು ಸೊಪ್ಪು ಅರೆದು ಜನರ ಪ್ರಾಣ ಉಳಿಸುತ್ತಿದ್ದರೆಂದು ತಾನೇ ತೀರ್ಮಾನಿಸಿ, ಚಪ್ಪಲಿ ಬಿಟ್ಟು ಕೈಮುಗಿದಳು. ಗೋಡೆಯ ಬುಡದ ಮಣ್ಣನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮಠದಲ್ಲಿ ಪ್ರಸಾದವೆಂದು ಮೃತ್ತಿಕೆ ಕೊಡುವ ಹಾಗೆ ದಿನವೂ ಒಂದು ಚಿಟಿಕೆಯನ್ನು ತಂಗಿಯ ನಾಲಿಗೆಗೆ ಸವರುತ್ತಿದ್ದಳು. ನರ್ಸ್ ಬರದಂತೆ ಕಾಯುವುದು ನನ್ನ ಕೆಲಸ. ಅಮ್ಮ ವಾರ್ಡಿನ ಗೋಡೆಯ ಕಡೆ ಮುಖ ಮಾಡಿ ನಿಂತಿರುತ್ತಿದ್ದಳು.

ತಂಗಿ ಉಳಿಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ನಾನು ಡಿಗ್ರಿ ಓದುವ ಹೊತ್ತಿಗೆ, ಯಾರಿಗೋ ಆ ಕಟ್ಟಡದ ಮೇಲೆ ಪ್ರೀತಿ ಉಕ್ಕಿತು. ಕಸ ಎತ್ತಿಸಿ, ಬೇಲಿ ಹಾಕಿ, ನೀಲಿ ಬೋರ್ಡು ನೆಟ್ಟರು. ಅಜ್ಜಿಗೋ ಕಂಡ ಬೋರ್ಡನ್ನೆಲ್ಲ ಅಕ್ಷರ ಕೂಡಿಸಿ ಜೋರಾಗಿ ಓದುವ ಚಟ. ಬಸ್ಸಿನಲ್ಲಿ ನನ್ನ ಮಾನ ಹೋಗುತ್ತಿತ್ತು. ಒಂದು ದಿನ ಮೂವರೂ ಮಾರ್ಕೆಟ್ಟಿಗೆ ಹೋದಾಗ ಅದನ್ನೂ ಓದಿದಳು.

"ಮದ್ದು... ಗುಂಡಿನ... ಉಗ್ರಾಣ."

ಆಮೇಲೆ ಅಮ್ಮನ ಕಡೆ ತಿರುಗಿದಳು. "ಫಿರಂಗಿ ಮದ್ದಾ ಇದು?"

"ಮಣ್ಣಿಂದ ಏನೂ ಆಗಿಲ್ಲ ಅತ್ತೆ. ಜ್ವರ ಮೆದುಳಿಗೆ ಏರಿತ್ತು, ಡಾಕ್ಟ್ರೇ ಹೇಳಿದ್ರಲ್ಲ."

"ನಾನು ಕೇಳಿದ್ದು ಅದಲ್ಲ. ನಿಂಗೆ ಆಗ್ಲೇ ಗೊತ್ತಿತ್ತಾ?"

ಅಮ್ಮ ಬೋರ್ಡಿನಿಂದ ಮುಖ ತಿರುಗಿಸಿದಳು. "ನೀವು ಅದೊಂದನ್ನೇ ನಂಬ್ಕೊಂಡಿದ್ರಿ. ಹೇಗೆ ಹೇಳ್ಲಿ?"

"ಹಂಗಾದ್ರೆ ಮಗೂಗೆ ನಾನೇ ಮದ್ದು ಹಾಕ್ದೆ."

ಮದ್ದು ಹಾಕುವುದೆಂದರೆ ನಮ್ಮಲ್ಲಿ ಅನ್ನದಲ್ಲಿ ವಿಷ ಬೆರೆಸುವುದು. ಔಷಧಿಗೂ ಸಿಡಿಯುವ ಪುಡಿಗೂ ವಿಷಕ್ಕೂ ಒಂದೇ ಪದ ಇಟ್ಟುಕೊಂಡ ಈ ಭಾಷೆಯ ಮೇಲೆ ನನಗೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬೋರ್ಡು ನೆಟ್ಟವರ ಮೇಲೂ ಅಷ್ಟೇ.

ಅಲ್ಲಿಯವರೆಗೆ ಅಜ್ಜಿ, ಮಿಕ್ಕ ಹುಳಿ, ಅನ್ನ ಕಲಸಿ, ಇಷ್ಟು ದೊಡ್ಡವಳಾದ ನನಗೂ ಕೈತುತ್ತು ಹಾಕುತ್ತಿದ್ದಳು. ಅಂದು ಸಂಜೆ ನಾನು ಎದುರಿಗೆ ಕೂತು ಅಂಗೈ ಒಡ್ಡಿದೆ. ಅವಳು ಪಾತ್ರೆಯನ್ನು ಅಮ್ಮನ ಕಡೆ ಸರಿಸಿದಳು.

"ಈ ಕೈಯಿಂದ ಬೇಡ ಕಣೇ."